ಇಪ್ಪತ್ತೊಂದು ಮನೆಗಳ ಕ್ರಿಯಾಪದ

ಆಫೀಸಿನ ಕೆಲಸದ ಮೇಲೆ ಎಂಟು ತಿಂಗಳು ಇಟಲಿಯ ಟ್ಯೂರಿನ್ ನಗರದಲ್ಲಿದ್ದೆ. ಮೀಟಿಂಗುಗಳೆಲ್ಲ ಇಂಗ್ಲಿಷಿನಲ್ಲೇ ನಡೀತಿದ್ವು, ತೊಂದರೆ ಇರಲಿಲ್ಲ. ಆದರೆ ಮಧ್ಯಾಹ್ನ ಊಟಕ್ಕೆ ಕೂತ ತಕ್ಷಣ ಎಲ್ಲರೂ ಇಟಾಲಿಯನ್‌ಗೆ ಜಾರಿಬಿಡೋರು. ಅವರು ನಕ್ಕಾಗ ನಾನೂ ನಗೋದು, ಯಾಕೆ ನಕ್ಕೆ ಅಂತ ನನಗೇ ಗೊತ್ತಿಲ್ಲ. ಒಂದು ತಿಂಗಳು ಹೀಗೆ ಕಳೆದ ಮೇಲೆ ನಾಚಿಕೆಯಾಗಿ, ವಾರಕ್ಕೆರಡು ಸಂಜೆ ಹೊರದೇಶದವರಿಗೆ ನಡೆಸುವ ಇಟಾಲಿಯನ್ ಕ್ಲಾಸಿಗೆ ಸೇರಿಕೊಂಡೆ.

ಕ್ಲಾಸಿನ ಗೋಡೆ ಮೇಲೆ ಒಂದು ದೊಡ್ಡ ಚಾರ್ಟ್ ಇತ್ತು. ತಲೆಯಲ್ಲಿ ಒಂದೇ ಒಂದು ಕ್ರಿಯಾಪದ: ‘ಕಂತಾರೆ’, ಅಂದರೆ ಹಾಡುವುದು. (ನಮ್ಮ ಸಿನಿಮಾಕ್ಕೂ ಇದಕ್ಕೂ ಸಂಬಂಧ ಇಲ್ಲ, ನನಗೆ ನೆನಪಿಟ್ಟುಕೊಳ್ಳೋಕೆ ಸುಲಭವಾಯ್ತು ಅಷ್ಟೆ.) ಅದರ ಕೆಳಗೆ ಮನೆ ಮನೆಯಾಗಿ ಅದರ ರೂಪಗಳು. ಎಣಿಸಿದೆ. ಇಪ್ಪತ್ತೊಂದು ಮನೆ. ನೇರವಾಗಿ ಸಂಗತಿ ಹೇಳುವ ‘ಇಂದಿಕಾತಿವೊ’ಗೆ 8 ಕಾಲಗಳು. ಅನುಮಾನ, ಆಸೆ, ಅಭಿಪ್ರಾಯಗಳ ‘ಕೊಂಜುಂತಿವೊ’ಗೆ 4. ‘ಹೀಗಾಗಿದ್ದರೆ ಹಾಡುತ್ತಿದ್ದೆ’ ಅನ್ನುವ ‘ಕೊಂದಿತ್ಸಿಯೊನಾಲೆ’ಗೆ 2. ಅಪ್ಪಣೆಗೆ 1. ಯಾರು ಅನ್ನೋದು ಅಂಟಿಕೊಳ್ಳದ ಉಳಿದ ಮೂರು ಬಗೆಗಳಿಗೆ ಎರಡೆರಡು. ನಾನು, ನೀನು, ಅವನು, ನಾವು, ನೀವು, ಅವರು ಅಂತ ಬಿಡಿಸುತ್ತಾ ಹೋದರೆ ಒಂದು ಕ್ರಿಯಾಪದಕ್ಕೆ ತೊಂಬತ್ತರ ಮೇಲೆ ರೂಪಗಳು. ನನ್ನ ಪಕ್ಕ ಕೂತಿದ್ದ ಮೊರಾಕೊದ ಹುಡುಗ ಚಾರ್ಟ್ ನೋಡಿ ಪೆನ್ನಿನ ಕ್ಯಾಪ್ ಮುಚ್ಚಿಬಿಟ್ಟ.

ನಾವು ಹೈಸ್ಕೂಲಿನಲ್ಲಿ ವಿಧ್ಯರ್ಥಕ, ನಿಷೇಧಾರ್ಥಕ, ಸಂಭಾವನಾರ್ಥಕ ಅಂತ ಓದಿದ್ದು ನೆನಪಿದೆಯಾ? ಅದೇ ಇದು. ಕಾಲ ಅನ್ನೋದು ‘ಯಾವಾಗ’ ಅಂತ ಹೇಳುತ್ತೆ. ಇನ್ನೊಂದು, ಇಟಾಲಿಯನ್ನರು ‘ಮೋದೊ’ ಅನ್ನೋದು, ಹೇಳುವವನ ಮನಸ್ಸು ಎಲ್ಲಿ ನಿಂತಿದೆ ಅಂತ ಹೇಳುತ್ತೆ. ಗೊತ್ತಿದ್ದು ಹೇಳ್ತಿದಾನಾ, ಅಂದಾಜಿನಲ್ಲಿ ಹೇಳ್ತಿದಾನಾ, ಬೇಡಿಕೊಳ್ತಿದಾನಾ?

ಮೂರನೇ ತಿಂಗಳಲ್ಲಿ ಧೈರ್ಯ ಮಾಡಿ ಊಟದ ಟೇಬಲ್‌ನಲ್ಲಿ ಬಾಯಿ ಬಿಟ್ಟೆ. ‘ಟೆಸ್ಟ್ ಮುಗಿದಿದೆ ಅಂದ್ಕೋತೀನಿ’ ಅನ್ನೋದನ್ನ ಇಟಾಲಿಯನ್‌ನಲ್ಲಿ ಹೇಳಿದೆ. ‘ಅಂದ್ಕೋತೀನಿ’ ಬಂದ ಮೇಲೆ ‘ಇದೆ’ಗೆ ‘ಎ’ ಅನ್ನಬಾರದು, ‘ಸೀಯಾ’ ಅನ್ನಬೇಕು. ನಾನು ‘ಎ’ ಅಂದೆ. ಒಬ್ಬ ಸಹೋದ್ಯೋಗಿ ಬೆರಳೆತ್ತಿ, ಸಂಗೀತದ ಮೇಷ್ಟ್ರ ಹಾಗೆ, ‘ಕೊಂಜುಂತಿವೊ!’ ಅಂದ. ಎಲ್ಲರೂ ನಕ್ಕರು. ಕೆಟ್ಟ ನಗು ಅಲ್ಲ. ಆದರೂ ನನಗೆ ಬೆನ್ನು ಬಿಸಿಯಾಯ್ತು, ಯಾಕಂದ್ರೆ ಆ ನಗು ನಾನು ಮೊದಲೇ ಕೇಳಿದ್ದೆ. ಇಟಲಿಯಲ್ಲಲ್ಲ, ಬೆಂಗಳೂರಲ್ಲಿ.

ಅದನ್ನ ಹೇಳಿಬಿಡ್ತೀನಿ. ನಾನು ಧಾರವಾಡದ ಕಡೆಯವನು. ಬೆಂಗಳೂರಿಗೆ ಬಂದ ಹೊಸತು. ಕ್ಲೈಂಟ್ ಬಂದ್ರಾ ಅಂತ ಮ್ಯಾನೇಜರ್ ಫೋನಲ್ಲಿ ಕೇಳಿದ್ರು. ‘ಹ್ಞೂಂ ಸರ್, ಬಂದಾರ’ ಅಂದೆ. ನಮ್ಮ ಕಡೆ ‘ಬಂದಾರ’ ಅಂದ್ರೆ ಬಂದಿದ್ದಾರೆ, ರಿಸೆಪ್ಷನ್ನಲ್ಲಿ ಕೂತಿದ್ದಾರೆ ಅಂತ. ಅವರಿಗೆ ಅದು ‘ಬಂದಾರು’ ಅಂತ ಕೇಳಿಸ್ತು, ಅಂದ್ರೆ ಬರಬಹುದು. ಬರಬಹುದಾದವರಿಗೆ ಏನು ಅವಸರ ಅಂತ ಅವರು ನಿಧಾನವಾಗಿ ಅರ್ಧ ಗಂಟೆ ಬಿಟ್ಟು ಬಂದ್ರು. ಆಮೇಲೆ ಇಡೀ ಟೀಮಿನ ಎದುರು, ‘ಕನ್ನಡ ಸರಿಯಾಗಿ ಮಾತಾಡೋಕೆ ಬರಲ್ವೇನ್ರೀ?’ ಎಲ್ಲರೂ ನಕ್ಕರು. ಅವತ್ತಿನಿಂದ ಆಫೀಸಲ್ಲಿ ‘ಬಂದಿದಾರೆ’ ಅನ್ನೋದು ಕಲಿತೆ. ಸ್ವಲ್ಪ ದಿನದಲ್ಲಿ ರೂಮಿನಲ್ಲೂ ಅದೇ ಬಾಯಿಗೆ ಬಂತು.

ಹಾಗಾಗಿ ಟ್ಯೂರಿನ್ನಿನ ಆ ಚಾರ್ಟ್ ನೋಡಿದಾಗಲೆಲ್ಲ ನನಗೆ ಒಂದೇ ಪ್ರಶ್ನೆ. ಈ ಮನೆಗಳನ್ನ ಕಟ್ಟಿದವರು ಯಾರು? ಯಾವ ರೂಪ ಒಳಗಿರಬೇಕು, ಯಾವುದು ಹೊರಗೆ ಅಂತ ಯಾರು ನಿರ್ಧರಿಸಿದ್ದು? ಭಾನುವಾರಗಳಲ್ಲಿ ಲೈಬ್ರರಿಗೆ ಹೋಗಿ ಕೂತೆ. ಸಿಕ್ಕಿದ್ದನ್ನ ಕ್ರಮವಾಗಿ ಹೇಳ್ತೀನಿ.

ಮೊದಲು ಲ್ಯಾಟಿನ್. ರೋಮಿನ ಪುಸ್ತಕದ ಲ್ಯಾಟಿನ್ನಿನಲ್ಲಿ ‘ಹಾಡುವೆನು’ ಅನ್ನೋದಕ್ಕೆ ‘ಕಂತಾಬೊ’ ಅಂತ ಒಂದೇ ಪದ. ಬೀದಿಯ ಲ್ಯಾಟಿನ್ನಿನಲ್ಲಿ ಇದು ಸವೆದುಹೋಯ್ತು. ಜನ ಅದರ ಬದಲು ‘ಕಂತಾರೆ ಹಾಬೆಯೊ’ ಅನ್ನತೊಡಗಿದರು. ಪದಶಃ ‘ಹಾಡೋದು ನನಗಿದೆ’. ನಾವು ‘ನಾಳೆ ಹುಬ್ಬಳ್ಳಿಗೆ ಹೋಗೋದಿದೆ’ ಅನ್ನಲ್ವಾ, ಹಾಗೆ. ಶತಮಾನಗಳು ಉರುಳಿದ ಮೇಲೆ ಎರಡು ಪದ ಒಂದಾಗಿ ‘ಕಂತೆರೊ’ ಆಯ್ತು. ಇವತ್ತಿನ ಇಟಾಲಿಯನ್ ಭವಿಷ್ಯತ್ಕಾಲದ ಬಾಲಗಳನ್ನ ನೋಡಿ: ಒ, ಆಯಿ, ಆ, ಎಮೊ, ಎತೆ, ಆನ್ನೊ. ‘ನನಗಿದೆ, ನಿನಗಿದೆ, ಅವನಿಗಿದೆ’ ಅನ್ನುವ ‘ಒ, ಆಯಿ, ಆ’ಗಳೇ ಅಲ್ಲಿ ಅಂಟಿಕೊಂಡು ಕೂತಿವೆ. ಇದು ಹೊಳೆದ ದಿನ ನನಗೆ ಆರು ರೂಪ ಬಾಯಿಪಾಠ ಮಾಡೋ ಕಷ್ಟ ತಪ್ಪಿತು.

‘ಹಾಡಿದ್ದೇನೆ’ ಅನ್ನೋದೂ ಅಷ್ಟೆ. ‘ಬರೆದ ಪತ್ರ ನನ್ನ ಹತ್ತಿರ ಇದೆ’ ಅನ್ನುವ ಮಾತೇ ನಿಧಾನಕ್ಕೆ ‘ಪತ್ರ ಬರೆದಿದ್ದೇನೆ’ ಅನ್ನುವ ಕಾಲವಾಯ್ತು. ಕನ್ನಡದಲ್ಲೂ ‘ಬರೆದು’ ಮತ್ತು ‘ಇದ್ದೇನೆ’ ಸೇರಿಯೇ ‘ಬರೆದಿದ್ದೇನೆ’ ಆಗಿದ್ದು, ಅದೇ ನಮ್ಮ ಬಾಯಲ್ಲಿ ‘ಬರ್ದಿದೀನಿ’. ಒಂದಕ್ಕೊಂದು ಸಂಬಂಧವಿಲ್ಲದ ಎರಡು ನುಡಿಗಳು, ಎರಡೂ ‘ಇರು’ ಅನ್ನುವಂಥ ಪದವನ್ನ ಕೂಲಿಗೆ ಕರೆದು ಹೊಸ ಕಾಲ ಕಟ್ಟಿಸಿವೆ.

ಕ್ರಿ.ಶ. 960ರಲ್ಲಿ ಕಾಪುವಾ ಪಟ್ಟಣದಲ್ಲಿ ಮೊಂತೆಕಸ್ಸಿನೊ ಮಠದ ಜಮೀನಿನ ವ್ಯಾಜ್ಯವೊಂದು ನ್ಯಾಯಾಧೀಶರ ಮುಂದೆ ಬಂತು. ದಾಖಲೆ ಎಲ್ಲ ಲ್ಯಾಟಿನ್ನಿನಲ್ಲಿ. ಆದರೆ ಸಾಕ್ಷಿಗಳ ಮಾತನ್ನು ಮಾತ್ರ ಜನ ಆಡುತ್ತಿದ್ದ ನುಡಿಯಲ್ಲೇ ಬರೆದುಕೊಂಡರು. ಇಟಾಲಿಯನ್ನಿನ ಹುಟ್ಟಿಗೆ ಈ ದಾಖಲೆಯನ್ನೇ ಸಾಮಾನ್ಯವಾಗಿ ತೋರಿಸುತ್ತಾರೆ. ಆ ಸಾಕ್ಷಿಯ ಮೊದಲ ಪದ ‘ಸಾವೊ’, ಅಂದರೆ ‘ನನಗೆ ಗೊತ್ತು’. ಒಂದು ಭಾಷೆಯ ದಾಖಲೆ ಶುರುವಾಗಿದ್ದೇ ಒಂದು ಕ್ರಿಯಾಪದದಿಂದ, ಅದೂ ಹೊಲದ ಗಡಿ ಜಗಳದಲ್ಲಿ. ನಮ್ಮೂರಿನವರಿಗೆ ಇದು ಚೆನ್ನಾಗಿ ಅರ್ಥವಾಗುತ್ತೆ.

ಇಷ್ಟಾದರೂ ಈ ಜನರ ಮಾತಿಗೆ ವ್ಯಾಕರಣ ಇದೆ ಅಂತ ಪಂಡಿತರು ಒಪ್ಪಿರಲಿಲ್ಲ. ವ್ಯಾಕರಣ ಅಂದ್ರೆ ಲ್ಯಾಟಿನ್, ಮನೆಮಾತು ಅಂದ್ರೆ ಬರೀ ಮಾತು. 1435ರಲ್ಲಿ ಫ್ಲಾರೆನ್ಸಿನಲ್ಲಿ ಪೋಪರ ಕಾರ್ಯದರ್ಶಿಗಳ ನಡುವೆ ಒಂದು ಜಗಳ ಎದ್ದಿತು. ಹಳೇ ರೋಮಿನಲ್ಲಿ ತರಕಾರಿ ಮಾರುವವಳೂ ಸಿಸೆರೊನ ಲ್ಯಾಟಿನ್ನನ್ನೇ ಆಡುತ್ತಿದ್ದಳಾ, ಇಲ್ಲ ಅದು ಓದಿದವರ ಸೊತ್ತಾಗಿತ್ತಾ? ಬಿಯೊಂದೊ ಫ್ಲಾವಿಯೊ, ಎಲ್ಲರದ್ದೂ ಒಂದೇ ಲ್ಯಾಟಿನ್ ಅಂದ. ಲಿಯೊನಾರ್ದೊ ಬ್ರೂನಿ, ಅಷ್ಟು ಕಷ್ಟದ ವ್ಯಾಕರಣ ದಾದಿಯರಿಗೆ, ಕೂಲಿಗಳಿಗೆ ಹೇಗೆ ಬಂದೀತು ಅಂದ.

ಈ ಜಗಳವನ್ನು ಗಮನಿಸಿದ ಒಬ್ಬ ವಾಸ್ತುಶಿಲ್ಪಿ ಇದ್ದ, ಲಿಯೊನ್ ಬತ್ತಿಸ್ತ ಅಲ್ಬೆರ್ತಿ. ಫ್ಲಾರೆನ್ಸಿನ ಸಾಂತಾ ಮಾರಿಯಾ ನೊವೆಲ್ಲಾ ಚರ್ಚಿನ ಮುಂಭಾಗದ ವಿನ್ಯಾಸ ಅವನದೇ. 1440ರ ಸುಮಾರಿಗೆ ಅವನು ಫ್ಲಾರೆನ್ಸಿನ ಆಡುಮಾತಿಗೆ ಒಂದು ಪುಟ್ಟ ವ್ಯಾಕರಣ ಬರೆದ. ಯುರೋಪಿನ ಆಧುನಿಕ ನುಡಿಯೊಂದಕ್ಕೆ ಬಂದ ಮೊದಲ ವ್ಯಾಕರಣಗಳಲ್ಲಿ ಇದೂ ಒಂದು, ಸ್ಪ್ಯಾನಿಷ್‌ಗೆ ನೆಬ್ರಿಹಾ 1492ರಲ್ಲಿ ಬರೆದದ್ದಕ್ಕಿಂತ ಅರ್ಧ ಶತಮಾನ ಹಿಂದಿನದು. ಅವನ ವಾದ ಸರಳ. ಈ ನುಡಿಯಲ್ಲೂ ನಿಯಮ ಇದೆ, ಬೇಕಾದರೆ ನೋಡಿ, ಇದೋ ಪಟ್ಟಿ.

ಪಟ್ಟಿ ಮಾಡುತ್ತಾ ಅವನಿಗೆ ಒಂದು ಅಡಚಣೆ ಬಂತು. ‘ಹಾಡುತ್ತಿದ್ದೆ, ಆದರೆ...’ ಅನ್ನುವ ಅರ್ಥದ ‘ಕಂತೆರೇಯಿ’ ಥರದ ರೂಪಗಳಿಗೆ ಲ್ಯಾಟಿನ್ ವ್ಯಾಕರಣದಲ್ಲಿ ಮನೆಯೇ ಇರಲಿಲ್ಲ. ಯಾಕಂದ್ರೆ ಇದು ಆಡುಮಾತು ಹೊಸದಾಗಿ ಕಟ್ಟಿಕೊಂಡದ್ದು: ‘ಕಂತಾರೆ’ಗೆ ‘ಇತ್ತು’ ಅನ್ನುವ ‘ಎಬ್ಬೆ’ ಅಂಟಿ ‘ಕಂತೆರೆಬ್ಬೆ’, ‘ಹಾಡೋದಿತ್ತು’. ಅಲ್ಬೆರ್ತಿ ಅದನ್ನ ಲ್ಯಾಟಿನ್ನಿನ ಯಾವುದೋ ಮನೆಗೆ ತುರುಕಲಿಲ್ಲ. ಲ್ಯಾಟಿನ್ನರು ಗುರುತಿಸದ ಒಂದು ಮೋದೊ ಟಸ್ಕನಿಯವರ ಬಾಯಲ್ಲಿದೆ ಅಂತ ಹೇಳಿ, ಅದಕ್ಕೆ ತಾನೇ ಒಂದು ಹೆಸರಿಟ್ಟ: ‘ಅಸೆವೆರಾತಿವೊ’. ಆ ಹೆಸರು ಉಳಿಯಲಿಲ್ಲ, ಮನೆ ಮಾತ್ರ ಉಳಿಯಿತು. ಅವನ ಪುಸ್ತಕ ಅಚ್ಚಾಗಲೇ ಇಲ್ಲ. ವ್ಯಾಟಿಕನ್ ಲೈಬ್ರರಿಯಲ್ಲಿ ಉಳಿದಿದ್ದ, 1508ರಲ್ಲಿ ಮಾಡಿದ ಒಂದು ನಕಲು ಮುದ್ರಣವಾಗಿದ್ದು 1908ರಲ್ಲಿ, ನಾಲ್ಕು ನೂರು ವರ್ಷದ ಮೇಲೆ.

ಅಚ್ಚಾಗಿ ಊರೆಲ್ಲ ಓದಿದ ವ್ಯಾಕರಣಗಳು ಬೇರೆಯವು. 1516ರಲ್ಲಿ ಅಂಕೋನಾದಲ್ಲಿ ಫೊರ್ತುನಿಯೊ ಅನ್ನುವ ನ್ಯಾಯಶಾಸ್ತ್ರಜ್ಞನ ಪುಸ್ತಕ ಬಂತು. 1525ರಲ್ಲಿ ವೆನಿಸಿನ ಪಿಯೆತ್ರೊ ಬೆಂಬೊನ ಪುಸ್ತಕ ಬಂದು ಆಟವನ್ನೇ ಬದಲಿಸಿತು. ಅಲ್ಬೆರ್ತಿ ತನ್ನ ಸುತ್ತ ಕೇಳುವ ಮಾತನ್ನ ಬರೆದುಕೊಂಡಿದ್ದ. ಬೆಂಬೊ ಹೇಳಿದ್ದು ಇನ್ನೊಂದು: ಪದ್ಯಕ್ಕೆ ಪೆತ್ರಾರ್ಕ, ಗದ್ಯಕ್ಕೆ ಬೊಕ್ಕಾಚ್ಚೊ, ಇವರ ಭಾಷೆಯೇ ಮಾದರಿ. ಇಬ್ಬರೂ ತೀರಿಕೊಂಡು ನೂರೈವತ್ತು ವರ್ಷವಾಗಿತ್ತು. ಅಂದ್ರೆ ಫ್ಲಾರೆನ್ಸಿನಲ್ಲಿ ಹುಟ್ಟಿ ಬೆಳೆದವನ ಮಾತೂ ತಪ್ಪಾಗಬಹುದು, ಪುಸ್ತಕ ಓದಿದ ವೆನಿಸಿನವನು ತಿದ್ದಬಹುದು! 1583ರಲ್ಲಿ ಫ್ಲಾರೆನ್ಸಿನಲ್ಲೇ ಒಂದು ಅಕಾಡೆಮಿ ಹುಟ್ಟಿತು. ಹೆಸರು ‘ಕ್ರುಸ್ಕಾ’, ಅಂದ್ರೆ ತೌಡು. ಹಿಟ್ಟು ಉಳಿಸಿಕೊಂಡು ತೌಡು ಬೇರ್ಪಡಿಸೋದು ಅವರ ಕೆಲಸ. 1612ರಲ್ಲಿ ಅವರ ನಿಘಂಟು ಬಂತು.

ಈಗ ತಮಾಷೆ ನೋಡಿ. ಹಿಟ್ಟು ಅಂತ ಉಳಿಸಿಕೊಂಡದ್ದರಲ್ಲಿ ಎಷ್ಟು ‘ತಪ್ಪು’ ಇತ್ತು ಅಂತ. ‘ನಾವು ಹಾಡುತ್ತೇವೆ’ಗೆ ಲ್ಯಾಟಿನ್ನಿನಿಂದ ನೇರವಾಗಿ ಬರಬೇಕಾದದ್ದು ‘ಕಂತಾಮೊ’. ಇಟಲಿಯ ಎಷ್ಟೋ ಕಡೆ ಜನ ಅದನ್ನೇ ಅನ್ನುತ್ತಿದ್ದರು. ಫ್ಲಾರೆನ್ಸಿನವರು ಮಾತ್ರ ‘ಕಂತ್ಯಾಮೊ’ ಅಂದರು. ಆ ‘ಯಾಮೊ’ ಮೂಲದಲ್ಲಿ ಕೊಂಜುಂತಿವೊ ಮನೆಯದು. ‘ಹಾಡೋಣ’ ಅನ್ನೋದನ್ನ ‘ಹಾಡುತ್ತೇವೆ’ ಅನ್ನೋ ಜಾಗಕ್ಕೆ ತಂದು ಕೂರಿಸಿದ ಹಾಗೆ. ಭವಿಷ್ಯತ್ತಿನ ‘ಕಂತೆರೊ’ದಲ್ಲಿರುವ ‘ತೆ’ ಕೂಡ ಫ್ಲಾರೆನ್ಸಿನ ಊರ ಗುರುತು. ಪಕ್ಕದ ಸಿಯೆನಾದವರು ‘ಕಂತಾರೊ’ ಅನ್ನುತ್ತಿದ್ದರು, ‘ಕಂತಾರೆ’ಗೆ ಅದೇ ಹತ್ತಿರ. ಆದರೂ ಚಾರ್ಟಿಗೆ ಬಂದದ್ದು ಫ್ಲಾರೆನ್ಸಿನದು. ಫ್ಲಾರೆನ್ಸಿಗೆ ದಾಂತೆ, ಪೆತ್ರಾರ್ಕ, ಬೊಕ್ಕಾಚ್ಚೊ ಇದ್ದರು, ವ್ಯಾಪಾರ ಇತ್ತು, ದುಡ್ಡಿತ್ತು.

ಮುಂದಿನ ದೊಡ್ಡ ತಿದ್ದುಪಡಿ ಒಬ್ಬ ಕಾದಂಬರಿಕಾರನದು. ಮಿಲಾನಿನ ಅಲೆಸ್ಸಾಂದ್ರೊ ಮಂಜೋನಿಗೆ ಮನೆಯಲ್ಲಿ ಮಿಲಾನಿನ ನುಡಿ, ಓದುಬರಹಕ್ಕೆ ಫ್ರೆಂಚ್. 1827ರಲ್ಲಿ ‘ಇ ಪ್ರೊಮೆಸ್ಸಿ ಸ್ಪೋಸಿ’ ಕಾದಂಬರಿ ಪ್ರಕಟಿಸಿದ, ಹೆಸರು ಬಂತು, ಆದರೆ ಭಾಷೆ ಪುಸ್ತಕದ್ದಾಯಿತು ಅಂತ ಅವನಿಗೇ ಕಸಿವಿಸಿ. ಫ್ಲಾರೆನ್ಸಿಗೆ ಹೋಗಿ ಅಲ್ಲಿನ ಜನ ಈಗ ಹೇಗೆ ಮಾತಾಡ್ತಾರೆ ಅಂತ ಕೇಳಿಸಿಕೊಂಡು ಇಡೀ ಕಾದಂಬರಿಯನ್ನ ತಿದ್ದಿ 1840ರಿಂದ 1842ರವರೆಗೆ ಮತ್ತೆ ಹೊರತಂದ. ಆ ತಿದ್ದುಪಡಿಗಳಲ್ಲಿ ಒಂದು ಒಂದಕ್ಷರದ್ದು. ಅಲ್ಲಿಯತನಕ ಪುಸ್ತಕದಲ್ಲಿ ‘ನನ್ನ ಬಳಿ ಇತ್ತು’ಗೂ ‘ಅವನ ಬಳಿ ಇತ್ತು’ಗೂ ‘ಅವೇವಾ’ ಅಂತಲೇ ಬರೆಯಬೇಕಿತ್ತು, ಲ್ಯಾಟಿನ್ನಿಗೆ ಅದೇ ಹತ್ತಿರ ಅಂತ. ಫ್ಲಾರೆನ್ಸಿನ ಜನ ‘ನಾನು’ ಇದ್ದಾಗ ‘ಅವೇವೊ’ ಅಂತ ಬೇರೆ ಮಾಡಿ ಹೇಳುತ್ತಿದ್ದರು. ವ್ಯಾಕರಣದವರಿಗೆ ಅದು ಒರಟು ಮಾತು. ಮಂಜೋನಿ ‘ಅವೇವೊ’ ಬರೆದ. ಇವತ್ತು ಚಾರ್ಟಿನಲ್ಲಿ ಇರೋದು ‘ಅವೇವೊ’. ‘ನಾನು ಅವೇವಾ’ ಅಂತ ನಾನು ಬರೆದಿದ್ದರೆ ಕೆಂಪು ಗೆರೆ ಬೀಳ್ತಿತ್ತು.

1861ರಲ್ಲಿ ಇಟಲಿ ಒಂದು ದೇಶವಾಯ್ತು. ಮೊದಲ ರಾಜಧಾನಿ ನಾನಿದ್ದ ಇದೇ ಟ್ಯೂರಿನ್. ದೇಶದ ಮೊದಲ ರಾಜ ವಿತ್ತೊರಿಯೊ ಎಮಾನುವೆಲೆಗೇ ಸಲೀಸಾಗಿದ್ದದ್ದು ಪಿಯೆಮೊಂತಿನ ನುಡಿ ಮತ್ತು ಫ್ರೆಂಚ್. ಆಗ ಇಟಾಲಿಯನ್ ಮಾತಾಡಬಲ್ಲವರು ನೂರಕ್ಕೆ ಎರಡೂವರೆ ಜನ ಅಂತ ಭಾಷಾ ವಿಜ್ಞಾನಿ ತುಲ್ಲಿಯೊ ದೆ ಮೌರೊ 1963ರಲ್ಲಿ ಲೆಕ್ಕ ಹಾಕಿದರು. ಆಮೇಲೆ ಬಂದ ಕಸ್ತೆಲ್ಲಾನಿ ಅನ್ನುವ ವಿದ್ವಾಂಸರು ಹತ್ತರ ಹತ್ತಿರ ಅಂದರು. ಹತ್ತೇ ಅಂದುಕೊಳ್ಳಿ. ಉಳಿದ ತೊಂಬತ್ತು ಜನಕ್ಕೆ ಶಾಲೆಯ ಬಾಗಿಲಲ್ಲಿ ಕಾಲಿಟ್ಟ ದಿನವೇ ಅವರ ಅಮ್ಮನ ಕ್ರಿಯಾಪದಗಳು ತಪ್ಪಾದವು. ಅವರ ನುಡಿಗಳಿಗೂ ವ್ಯಾಕರಣ ಇತ್ತು, ಚಾರ್ಟ್ ಇರಲಿಲ್ಲ.

ಸರ್ಕಾರ ನೇರವಾಗಿ ಕ್ರಿಯಾಪದಕ್ಕೆ ಕೈ ಹಾಕಿದ್ದೂ ಉಂಟು. ಇಟಾಲಿಯನ್ನಿನಲ್ಲಿ ಗೌರವದ ‘ತಾವು’ಗೆ ‘ಲೇಯಿ’ ಅನ್ನುತ್ತಾರೆ, ಕ್ರಿಯಾಪದ ‘ಅವಳು’ ಬಂದಾಗ ಇರುವ ರೂಪದಲ್ಲಿ ಬರುತ್ತೆ. 1938ರಲ್ಲಿ ಮುಸ್ಸೊಲಿನಿಯ ಆಡಳಿತ ಇದು ಗುಲಾಮಿ ಅಭ್ಯಾಸ ಅಂತ ನಿಷೇಧಿಸಿ, ‘ವೋಯಿ’ ಬಳಸಿ ಅಂತ ಆಜ್ಞೆ ಮಾಡಿತು. ‘ಲೇಯಿ’ ಅನ್ನುವ ಹೆಣ್ಣುಮಕ್ಕಳ ಪತ್ರಿಕೆಯೊಂದು, ಅಲ್ಲಿ ಆ ಪದಕ್ಕೆ ‘ಅವಳು’ ಅಂತಲೇ ಅರ್ಥವಿದ್ದರೂ, ‘ಅನ್ನಾಬೆಲ್ಲಾ’ ಅಂತ ಹೆಸರು ಬದಲಿಸಿಕೊಂಡಿತು. ಆಡಳಿತ ಬಿದ್ದಿತು, ‘ಲೇಯಿ’ ವಾಪಸ್ ಬಂತು. ಬ್ಯಾಂಕಿನಲ್ಲಿ ನನಗೂ ‘ಲೇಯಿ’ ಅಂದರು, ಮೊದಲ ಸಲ ಹಿಂದೆ ತಿರುಗಿ ಯಾವ ಹೆಂಗಸು ಬಂದಳು ಅಂತ ನೋಡಿದ್ದೆ.

1954ರಲ್ಲಿ ಟೀವಿ ಬಂತು. 1960ರಿಂದ ಅಲ್ಬೆರ್ತೊ ಮಂಜಿ ಅನ್ನುವ ಮೇಷ್ಟ್ರು ಟೀವಿಯಲ್ಲೇ ಕಪ್ಪುಹಲಗೆ ಇಟ್ಟುಕೊಂಡು ದೊಡ್ಡವರಿಗೆ ಓದುಬರಹ ಕಲಿಸಿದರು. ಆದರೂ ಶಾಲೆಯಲ್ಲಿ ಬಡವರ ಮಕ್ಕಳು ಫೇಲಾಗುತ್ತಲೇ ಇದ್ದರು. ಫ್ಲಾರೆನ್ಸಿನ ಉತ್ತರಕ್ಕಿರುವ ಗುಡ್ಡದ ಹಳ್ಳಿ ಬಾರ್ಬಿಯಾನಾದಲ್ಲಿ ಲೊರೆಂಜೊ ಮಿಲಾನಿ ಅನ್ನುವ ಪಾದ್ರಿ ಇಂಥ ಮಕ್ಕಳಿಗೇ ಒಂದು ಶಾಲೆ ನಡೆಸುತ್ತಿದ್ದ. 1967ರಲ್ಲಿ ಅಲ್ಲಿನ ಹುಡುಗರು ಅವನ ಜೊತೆ ಕೂತು, ತಮ್ಮನ್ನ ಫೇಲ್ ಮಾಡಿದ ಟೀಚರಿಗೆ ಒಂದು ಪತ್ರದ ರೂಪದಲ್ಲಿ ಪುಸ್ತಕ ಬರೆದರು. ಶಾಲೆ ಇಟ್ಟುಕೊಂಡಿರೋದು ಓದಿದವರ ಮನೆಯ ಮಾತನ್ನ, ಅದನ್ನೇ ಅಳತೆಗೋಲು ಮಾಡಿ ನಮ್ಮನ್ನ ಹೊರಗೆ ಹಾಕುತ್ತೆ ಅನ್ನೋದು ಅವರ ತಕರಾರು. ಆದರೆ ಅವರು ಇಟಾಲಿಯನ್ ಬೇಡ ಅನ್ನಲಿಲ್ಲ. ಮಾತು ಬಂದರೇನೇ ಸಮಾನರಾಗೋದು, ಅದಕ್ಕೇ ನಮಗೂ ಅದು ಬೇಕು ಅಂದರು. ಆ ಭಾಗ ನಾನು ಎರಡು ಸಲ ಓದಿದೆ.

ಇಷ್ಟೆಲ್ಲ ಗೊತ್ತಾದ ಮೇಲೆ ಸಹೋದ್ಯೋಗಿಗಳು ಯಾಕೆ ನಕ್ಕರು ಅಂತಲೂ ಗೊತ್ತಾಯ್ತು. 1975ರಲ್ಲಿ ‘ಫಂತೊಜ್ಜಿ’ ಅಂತ ಒಂದು ಸಿನಿಮಾ ಬಂತು. ಪಾವೊಲೊ ವಿಲ್ಲಾಜ್ಜೊ ಅದರಲ್ಲಿ ಬಾಸಿಗೆ ನಡುಗುವ ಗುಮಾಸ್ತ. ಟೆನಿಸ್ ಆಡುವಾಗ ಅವನ ಸಹೋದ್ಯೋಗಿ ‘ಹೊಡಿ’ ಅನ್ನೋ ಏಕವಚನದ ರೂಪ ಬಳಸುತ್ತಾನೆ. ಏಕವಚನಕ್ಕಿಳಿದ್ಯಾ ಅಂತ ಇವನು ಕೇಳಿದರೆ, ಇಲ್ಲ, ಗೌರವದಲ್ಲೇ ಹೇಳಿದ್ದು ಅಂತಾನೆ ಅವನು. ಗೌರವದ ಅಪ್ಪಣೆಗೆ ಇಟಾಲಿಯನ್ನಿನಲ್ಲಿ ಕೊಂಜುಂತಿವೊ ಬೇಕು, ಇಬ್ಬರಿಗೂ ಅದು ಬರಲ್ಲ. ಫಂತೊಜ್ಜಿಯ ಬಾಯಲ್ಲಿ ‘ವೆಂಗಾ’ (ಬನ್ನಿ) ಹೋಗಿ ‘ವೆಂಗಿ’ ಆಗುತ್ತೆ. ಇಡೀ ಇಟಲಿ ಐವತ್ತು ವರ್ಷದಿಂದ ಆ ‘ವೆಂಗಿ’ಗೆ ನಗ್ತಾ ಇದೆ. ಆದರೆ ಹದಿನೈದು, ಹದಿನಾರನೇ ಶತಮಾನದ ಫ್ಲಾರೆನ್ಸಿನ ಬರಹಗಳಲ್ಲಿ ಇಂಥ ‘ಇ’ ಕೊನೆಯ ರೂಪಗಳು ಧಾರಾಳವಾಗಿದ್ದವು. ಬೆಂಬೊನ ದಾರಿಯ ವ್ಯಾಕರಣ ಅವನ್ನ ಹೊರಗಿಟ್ಟಿತು, ಅಷ್ಟೆ.

ನಮ್ಮ ಟೀಚರ್ ಪಾಲೆರ್ಮೊದವರು, ಸಿಸಿಲಿ ದ್ವೀಪದ ಹೆಂಗಸು. ಪುಸ್ತಕದ ಪ್ರಕಾರ ಯಾವತ್ತೋ ಮುಗಿದುಹೋದದ್ದಕ್ಕೆ ‘ಪಸ್ಸಾತೊ ರೆಮೋತೊ’, ಈಗಿಗೂ ನಂಟಿರುವುದಕ್ಕೆ ‘ಪಸ್ಸಾತೊ ಪ್ರೊಸ್ಸಿಮೊ’. ಟ್ಯೂರಿನ್, ಮಿಲಾನ್ ಕಡೆ ಮಾತಲ್ಲಿ ಮೊದಲನೆಯದು ಸತ್ತೇಹೋಗಿದೆ. ಅಜ್ಜ ಹುಟ್ಟಿದ್ದನ್ನೂ ಎರಡನೆಯದರಲ್ಲೇ ಹೇಳ್ತಾರೆ. ಸಿಸಿಲಿಯಲ್ಲಿ ಉಲ್ಟಾ, ಬೆಳಿಗ್ಗೆ ಕುಡಿದ ಕಾಫಿಯೂ ‘ರೆಮೋತೊ’. ಉತ್ತರಕ್ಕೆ ಬಂದ ಹೊಸದರಲ್ಲಿ ಇದಕ್ಕೆ ತಮ್ಮನ್ನ ಆಡಿಕೊಳ್ತಿದ್ರು ಅಂತ ಒಂದು ಸಂಜೆ ಹೇಳಿದರು. ‘ಈಗ?’ ಅಂತ ಕೇಳಿದೆ. ‘ಕ್ಲಾಸಿನಲ್ಲಿ ಚಾರ್ಟಿನ ಹಾಗೆ. ತಂಗಿಗೆ ಫೋನ್ ಮಾಡಿದಾಗ ಪಾಲೆರ್ಮೊ ಹಾಗೆ,’ ಅಂದರು. ಅದೇನೂ ದೊಡ್ಡ ವಿಷಯವಲ್ಲ ಅನ್ನೋ ಹಾಗೆ.

ಕೊನೆಗೆ ಚಾರ್ಟನ್ನ ನಾನು ಕಲಿತದ್ದು ರಾಗವಾಗಿ ಹೇಳ್ಕೊಂಡು, ಮಗ್ಗಿ ಹೇಳಿದ ಹಾಗೆ. ಕಾಂತೊ, ಕಾಂತಿ, ಕಾಂತಾ. ಈ ಪದ್ಧತಿಯನ್ನ ಒಬ್ಬ ಇಟಾಲಿಯನ್ನನೇ ನಮ್ಮಲ್ಲಿ ನೋಡಿ ಬರೆದಿಟ್ಟಿದ್ದಾನೆ. ರೋಮಿನ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಸಾಗರದ ಹತ್ತಿರದ ಇಕ್ಕೇರಿಗೆ ಬಂದಾಗ, ದೇವಸ್ಥಾನದ ಜಗಲಿಯಲ್ಲಿ ಹುಡುಗರು ನೆಲದ ಮರಳಿನ ಮೇಲೆ ಬೆರಳಲ್ಲಿ ಬರೆಯುತ್ತಾ, ರಾಗವಾಗಿ ಹೇಳುತ್ತಾ ಲೆಕ್ಕ ಕಲಿಯೋದನ್ನ ಕಂಡು ಮೆಚ್ಚಿಕೊಂಡ. ಸಾಲ ತೀರಿಸಿದ ಹಾಗಾಯ್ತು ಅಂದುಕೊಂಡೆ.

ವಾಪಸ್ ಬರೋ ಹೊತ್ತಿಗೆ ‘ಸೀಯಾ’ ಸರಿಯಾಗಿ ಬೀಳ್ತಿತ್ತು. ಕಲಿತದ್ದಕ್ಕೆ ನನಗೆ ಬೇಜಾರಿಲ್ಲ. ಊಟದ ಟೇಬಲ್‌ನಲ್ಲಿ ನಗೋಕೆ ಕಾರಣ ಸಿಕ್ಕಿತು. ಬೆಂಗಳೂರಿನ ‘ಬಂದಿದಾರೆ’ ಕಲಿತದ್ದಕ್ಕೂ ಬೇಜಾರಿಲ್ಲ, ಆ ಮೀಟಿಂಗ್ ರೂಮಿನಲ್ಲಿ ಅದು ಬೇಕು. ಬೇಜಾರಿರೋದು ಒಂದಕ್ಕೇ. ಅದನ್ನ ಕಲಿಯೋಕೆ ಇದನ್ನ ಬಿಡಬೇಕು ಅಂತ ನನಗೆ ಯಾರೂ ಹೇಳಿರಲಿಲ್ಲ, ನಾನೇ ಬಿಟ್ಟೆ.

ಊರಿಗೆ ಬಂದ ವಾರ ಕಾಕಾನ ಮಗ ನನ್ನ ನೋಡೋಕೆ ಬೆಂಗಳೂರಿಗೆ ಬಂದಿದ್ದ. ಅವ್ವ ಫೋನ್ ಮಾಡಿದಳು. ‘ಬಂದಾನೇನೋ ಅವ?’

ಬಾಯಿಗೆ ‘ಬಂದಿದಾನೆ’ ಬಂತು. ನುಂಗಿಕೊಂಡೆ.

‘ಬಂದಾನವ್ವಾ. ಉಣ್ಣಾಕ ಕುಂತಾನ.’